ಅಪ್‌ಡೇಟ್ ತಾನಾಗಿ ಆಗಲಿ, ಕಣ್ಣು ನಿಮ್ಮದಿರಲಿ

ನಮ್ಮ ಕೊಹಿನೂರು ಊರಿನ ತಮ್ಮಂದಿರೇ, ತಂಗಿಯರೇ,

ಕಂಪ್ಯೂಟರ್ ಕಲಿತವರಿಗೆ ಊರವರು ಒಂದು ಕೆಲಸ ಹಚ್ಚಿಯೇ ಹಚ್ಚುತ್ತಾರೆ: ‘ನಮ್ಮ ಶಾಲೆಗೊಂದು, ಸಂಘಕ್ಕೊಂದು ವೆಬ್‌ಸೈಟ್ ಮಾಡಿಕೊಡು.’ ನೀವು ವರ್ಡ್‌ಪ್ರೆಸ್ ಹಾಕಿಕೊಡುತ್ತೀರಿ. ಅದಕ್ಕೆ ಕಾಸಿಲ್ಲ, ಕನ್ನಡವೂ ಸಲೀಸು. ಆಮೇಲೆ ಕೆಲಸ ಹುಡುಕಿ ಹೈದರಾಬಾದಿಗೋ ಪುಣೆಗೋ ಹೋಗುತ್ತೀರಿ. ಸೈಟನ್ನು ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಹೇಳುತ್ತೇನೆ: ಭದ್ರತೆಯ ತಿದ್ದುಪಡಿಗಳನ್ನು ತಾನಾಗಿ ಆಗಲು ಬಿಡಿ; ಉಳಿದದ್ದಕ್ಕೆ ನಿಮ್ಮ ಕೈಯೇ ಬೇಕು.

2013ರ ಅಕ್ಟೋಬರ್‌ನಲ್ಲಿ ಬಂದ 3.7ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ಸಣ್ಣ ತಿದ್ದುಪಡಿಗಳನ್ನು ಯಾರನ್ನೂ ಕೇಳದೆ ಹಾಕಿಕೊಳ್ಳುತ್ತದೆ. ಇದರ ಬೆಲೆ 2017ರಲ್ಲಿ ಗೊತ್ತಾಯಿತು. ಜನವರಿ 26ರಂದು 4.7.2 ಹೊರಬಂತು. ಅದು ಮುಚ್ಚಿದ ದೊಡ್ಡ ತೂತಿನ ಸುದ್ದಿಯನ್ನು ತಯಾರಕರು ಬೇಕೆಂದೇ ಫೆಬ್ರುವರಿ 1ರವರೆಗೆ ಬಾಯಿಬಿಡಲಿಲ್ಲ. ಆ ಕೆಲವೇ ದಿನಗಳಲ್ಲಿ ತಾವಾಗಿ ಅಪ್‌ಡೇಟ್ ಆದ ಸೈಟ್‌ಗಳು ಬಚಾವಾದವು. ಹಳೆಯ ಆವೃತ್ತಿಯಲ್ಲೇ ಕೂತಿದ್ದ ಸೈಟ್‌ಗಳ ಲಕ್ಷಾಂತರ ಪುಟಗಳನ್ನು ದಾಳಿಕೋರರು ಕೆಡಿಸಿಟ್ಟರು.

ಹಾಗೆಂದು ಸ್ವಿಚ್ ಒತ್ತಿ ಮರೆತುಬಿಡಬೇಡಿ. 2018ರ ಫೆಬ್ರುವರಿ 5ರಂದು ಬಂದ 4.9.3ರಲ್ಲಿದ್ದ ದೋಷ ತಾನಾಗಿ ಅಪ್‌ಡೇಟ್ ಆಗುವ ವ್ಯವಸ್ಥೆಯನ್ನೇ ನಿಲ್ಲಿಸಿತು. ಮರುದಿನವೇ 4.9.4 ಬಂತು, ಆದರೆ ಅದನ್ನು ಕೈಯಾರೆ ಒತ್ತಿ ಹಾಕಬೇಕಿತ್ತು. ತಾನಾಗಿ ಆಗುತ್ತದೆಂದು ನಂಬಿ ಕೂತವರು ಅಲ್ಲೇ ಉಳಿದರು. 2020ರ ಅಕ್ಟೋಬರ್ 30ರಂದು, ಇನ್ನೂ ಪರೀಕ್ಷೆಯ ಹಂತದಲ್ಲಿದ್ದ 5.5.3 ತಪ್ಪಿ ಎಷ್ಟೋ ಸೈಟ್‌ಗಳಿಗೆ ಇಳಿದುಬಿಟ್ಟಿತು.

ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಪ್ಲಗಿನ್‌ಗಳ ವಿಷಯದಲ್ಲಂತೂ ಇನ್ನೂ ಹುಷಾರು. ಎಷ್ಟೋ ಪ್ಲಗಿನ್‌ಗಳ ಹಿಂದೆ ಬಿಡುವಿನಲ್ಲಿ ಬರೆಯುವ ಒಬ್ಬರೋ ಇಬ್ಬರೋ ಇರುತ್ತಾರೆ. ಅವರು ದಣಿಯಬಹುದು, ಬಿಟ್ಟುಹೋಗಬಹುದು, ಮಾರಲೂಬಹುದು. ಸುಮಾರು 2 ಲಕ್ಷ ಸೈಟ್‌ಗಳಲ್ಲಿದ್ದ ‘ಡಿಸ್‌ಪ್ಲೇ ವಿಜೆಟ್ಸ್’ 2017ರಲ್ಲಿ ಹಾಗೇ ಕೈ ಬದಲಾಯಿತು. ಹೊಸ ಮಾಲೀಕರ ಅಪ್‌ಡೇಟ್‌ನಲ್ಲೇ ಕಳ್ಳಬಾಗಿಲು ಸೇರಿ ಬಂತು. ಹಾಗಾಗಿ ಪ್ಲಗಿನ್ ಕಡಿಮೆ ಇರಲಿ. ದೊಡ್ಡ ಆವೃತ್ತಿ ಬಂದರೆ ಮೊದಲು ಒಂದು ನಕಲಿನ ಮೇಲೆ ಹಾಕಿ ನೋಡಿ. ಬ್ಯಾಕಪ್ ಅದೇ ಸರ್ವರ್‌ನಲ್ಲಿ ಬೇಡ, ಬೇರೆ ಕಡೆ ಇಡಿ. ಅದರಿಂದ ಸೈಟ್ ಮತ್ತೆ ಎದ್ದು ನಿಲ್ಲುತ್ತದೋ ಇಲ್ಲವೋ ಒಮ್ಮೆ ಪರೀಕ್ಷಿಸಿ.

ಇಷ್ಟೆಲ್ಲ ಹೇಳಿದ್ದು ಪುಕ್ಕಟೆ ಕೊಟ್ಟವರನ್ನು ಬೈಯಲಿಕ್ಕಲ್ಲ. ಬಸವಣ್ಣನ ಕಲ್ಯಾಣದ ನೆಲದವರು ನಾವು. ದಾಸೋಹದಲ್ಲಿ ಉಂಡವರು ಎದ್ದು ಬಡಿಸಲಿಕ್ಕೂ ನಿಲ್ಲಬೇಕು. ದೋಷ ಕಂಡರೆ ತಯಾರಕರಿಗೆ ಬಿಡಿಸಿ ಬರೆಯಿರಿ, ವರ್ಡ್‌ಪ್ರೆಸ್‌ನ ನಾಲ್ಕು ಸಾಲನ್ನು ಕನ್ನಡಕ್ಕೆ ತನ್ನಿ. ಕೋಡ್ ಬಾರದಿದ್ದರೂ ಇಷ್ಟು ಮಾಡಬಹುದು.

ಊರು ಬಿಡುವ ಮೊದಲು ಇನ್ನೊಂದು ಕೆಲಸವಿದೆ. ಡೊಮೇನ್ ಯಾರ ಹೆಸರಿನಲ್ಲಿದೆ, ಅದರ ಗಡುವು ಯಾವಾಗ, ಬ್ಯಾಕಪ್ ಎಲ್ಲಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ಸಂಘದವರಿಗೆ ಕೊಡಿ. ಊರಲ್ಲೇ ಇರುವ ಒಬ್ಬ ಹುಡುಗಿಗೋ ಹುಡುಗನಿಗೋ ಬೇರೆ ಲಾಗಿನ್ ಮಾಡಿಕೊಟ್ಟು, ವಾರಕ್ಕೊಮ್ಮೆ ಸೈಟ್ ತೆರೆದು ನೋಡುವುದನ್ನು ಕಲಿಸಿ. ಅಪ್‌ಡೇಟ್ ಎಡವಿದ ದಿನ ಅದನ್ನು ಮೊದಲು ಕಾಣುವವರು ಅವರೇ.