ಹೊಗೆಸೊಪ್ಪಿನ ಗುಣಪರೀಕ್ಷೆ ಮತ್ತು ರೇಷ್ಮೆ ಬೆಳೆಗಾರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ಸುರಿದಿಟ್ಟ ಗೂಡಿನ ಮುಂದೆ ನಿಂತು ಒಂದು ಹಿಡಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಎರಡು ಬೆರಳಿನಿಂದ ಅದುಮಿ ನೋಡುತ್ತಾರೆ. ಕಿವಿಯ ಹತ್ತಿರ ಕುಲುಕುತ್ತಾರೆ. ಒಳಗಿನ ಕೋಶ ಸದ್ದು ಮಾಡಿದರೆ ಸರಿ. ಅಂಟಿಕೊಂಡಿದ್ದರೆ ಹುಳು ಒಳಗೇ ಸತ್ತು ಕೊಳೆತಿದೆ ಎಂದು ಅರ್ಥ. ಹರಾಜು ಈಗ ಗಣಕಯಂತ್ರದ ಮೂಲಕ ನಡೆಯುತ್ತಿದ್ದರೂ ಬೆಲೆಯನ್ನು ಮನಸ್ಸಿನಲ್ಲಿ ನಿಶ್ಚಯಿಸುವುದು ಇಂದಿಗೂ ಕಣ್ಣು, ಕೈ ಮತ್ತು ಕಿವಿಗಳೇ.

ಇದೇ ಬಗೆಯ ಪರೀಕ್ಷೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹರಾಜು ಕಟ್ಟೆಗಳಲ್ಲಿಯೂ ಕಂಡುಬರುತ್ತದೆ. ಅಲ್ಲಿ ಕಿವಿಗೆ ಬದಲಾಗಿ ಮೂಗು ಕೆಲಸ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ರೈತರು ಆ ಜಾತಿಯ ಹೊಗೆಸೊಪ್ಪಿನ ಬೆಳೆಗಾರರಲ್ಲ. ಹಾಗಿದ್ದರೂ ಹೊಗೆಸೊಪ್ಪನ್ನು ಹೇಗೆ ರುಚಿ ನೋಡಿ ಬೆಲೆ ಕಟ್ಟುತ್ತಾರೆಂಬುದನ್ನು ಅವರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಪರೀಕ್ಷಕರು ಯಾವ ವಸ್ತುವನ್ನು 'ಖಾರ' ಎಂದು ಮೆಚ್ಚಿ ಅಳೆಯುತ್ತಾರೋ ಅದೇ ವಸ್ತು ರೇಷ್ಮೆ ಹುಳುವಿಗೆ ಘೋರ ವಿಷ. ಅದರ ಹೆಸರು ನಿಕೋಟಿನ್.

ಎಲೆಯ ಪರೀಕ್ಷೆ

ಹೊಗೆಸೊಪ್ಪಿನ ಮಂಡಲಿಯನ್ನು 1975ರ ಕಾಯಿದೆಯ ಮೇರೆಗೆ ರಚಿಸಲಾಯಿತು. ಅದು 1976ರ ಜನವರಿ 1ರಿಂದ ಕೆಲಸ ಪ್ರಾರಂಭಿಸಿತು. ಅದರ ಮುಖ್ಯ ಕಚೇರಿ ಗುಂಟೂರಿನಲ್ಲಿದೆ. ಕರ್ನಾಟಕದಲ್ಲಿ ಮಂಡಲಿಯ ಹರಾಜು 1984ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ವ್ಯಾಪಾರಿ ಹೇಳಿದ್ದೇ ದರ್ಜೆ, ಕೊಟ್ಟಿದ್ದೇ ಬೆಲೆ ಎಂಬಂತಿತ್ತು. ಈಗ ಬೇಲುಗಳನ್ನು ಸಾಲಾಗಿ ಇಟ್ಟು ಎಲ್ಲ ಖರೀದಿದಾರರ ಎದುರಿಗೆ ಹರಾಜು ಮಾಡಲಾಗುತ್ತದೆ. ಕರ್ನಾಟಕದ ಹಗುರ ಮಣ್ಣಿನ ಈ ಎಲೆಯನ್ನು ಸ್ಥೂಲವಾಗಿ ಉತ್ತಮ, ಮಧ್ಯಮ, ಕೆಳದರ್ಜೆ ಎಂದು ಮೂರಾಗಿ ವಿಂಗಡಿಸುವುದು ವಾಡಿಕೆ.

ಪರೀಕ್ಷಕನು ಮೊದಲು ನೋಡುವುದು ಬಣ್ಣ. ನಿಂಬೆಹಣ್ಣಿನ ಹಳದಿಯಿಂದ ಕಿತ್ತಳೆಯವರೆಗಿನ ಬಣ್ಣಗಳು ಮೆಚ್ಚುಗೆ ಪಡೆಯುತ್ತವೆ. ಹಸಿರು ಛಾಯೆ ಉಳಿದಿದ್ದರೆ ಎಲೆಯನ್ನು ಬಲಿಯುವ ಮುನ್ನ ಕಿತ್ತಿದ್ದಾರೆ, ಇಲ್ಲವೇ ಬ್ಯಾರನ್ನಿನಲ್ಲಿ ಶಾಖವನ್ನು ಆತುರದಿಂದ ಏರಿಸಿದ್ದಾರೆ ಎಂದು ಆತ ಕೂಡಲೇ ತಿಳಿಯುತ್ತಾನೆ. ಎಲೆ ಹಳದಿಗೆ ತಿರುಗುವ ಹಂತದಲ್ಲಿ ಶಾಖ 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿರಬೇಕು. ಆ ನಿಧಾನದ ಕಾಲದಲ್ಲಿ ಎಲೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಕಡೆಗೆ ನಡುನರ ಒಣಗಲು 160 ಡಿಗ್ರಿಯವರೆಗೆ ಏರಿಸುತ್ತಾರೆ. ಈ ಕೆಲಸಕ್ಕೆ ಐದಾರು ದಿನ ಬೇಕು. ಒಂದು ರಾತ್ರಿ ಬೆಂಕಿ ಕಾಯುವವನು ನಿದ್ದೆ ಹೋದರೆ ವರ್ಷದ ದುಡಿಮೆ ಒಂದು ದರ್ಜೆ ಕೆಳಗಿಳಿಯುತ್ತದೆ.

ಬಣ್ಣದ ನಂತರ ಮೈ. ಎಲೆಯನ್ನು ಬೆರಳುಗಳ ನಡುವೆ ತಿಕ್ಕಿದರೆ ಮೃದುವಾಗಿ, ತುಸು ಎಣ್ಣೆ ಸವರಿದಂತೆ ಇರಬೇಕು; ಎಳೆದರೆ ಕೊಂಚ ಹಿಗ್ಗಬೇಕು. ಕಾಗದದಂತೆ ಗರಗರ ಎನ್ನುವ ಎಲೆಯಲ್ಲಿ ಸತ್ವವಿಲ್ಲ. ಗಿಡದ ಬುಡದ ಎಲೆಗಳು ತೆಳು, ಖಾರ ಕಡಿಮೆ. ಮೇಲೇರಿದಂತೆ ಎಲೆ ದಪ್ಪವಾಗಿ ಖಾರ ಏರುತ್ತದೆ. ಹೂಗೊನೆಯನ್ನು ಚಿವುಟಿದರೆ ಇನ್ನೂ ಹೆಚ್ಚುತ್ತದೆ. ಹೀಗಿರುವುದರಿಂದಲೇ ಬುಡದಿಂದ ಆರಂಭಿಸಿ, ಬಲಿತಂತೆಲ್ಲ ಎರಡು ಮೂರು ಎಲೆಗಳಂತೆ ಹಲವು ಸಲ ಕೀಳುವ ಪದ್ಧತಿ ಬಂದಿದೆ. ಬುಡದ್ದನ್ನೂ ತುದಿಯದನ್ನೂ ಒಂದೇ ಬೇಲಿಗೆ ಕಟ್ಟಿದ ರೈತನಿಗೆ ಕೆಳಗಿನ ಬೆಲೆಯೇ ಸಿಗುತ್ತದೆ. ಒಳ್ಳೆಯ ಗೂಡಿನ ಜೊತೆ ಜೋಡಿಗೂಡು, ಕಲೆಗೂಡು, ಊಜಿ ತೂತು ಮಾಡಿದ ಗೂಡುಗಳನ್ನು ಸೇರಿಸಿ ತಂದವರ ಅನುಭವವೂ ಇದೇ.

ಕೊನೆಗೆ ಮೂಗು. ಹಿಡಿಯಷ್ಟು ಎಲೆಯನ್ನು ಮುಖಕ್ಕೆ ಒತ್ತಿ ಆಘ್ರಾಣಿಸುತ್ತಾರೆ. ಒಣಹುಲ್ಲಿನ ಮೆದೆಯ ಹಾಗೂ ಜೇನಿನ ಸಿಹಿವಾಸನೆ ಬಂದರೆ ಎಲೆ ಚೆನ್ನಾಗಿ ಹದಗೊಂಡಿದೆ. ಮುಗ್ಗಲು ವಾಸನೆ ಬಂದರೆ ನೀರಿನ ಅಂಶ ಹೆಚ್ಚಾಗಿದೆ. ಈ ಯಾವ ಪರೀಕ್ಷೆಗೂ ಹೊಗೆ ಸೇದಬೇಕಾಗಿಲ್ಲ ಎಂಬುದನ್ನು ಗಮನಿಸಬೇಕು.

ಪೈಪಿನ ಮಿಶ್ರಣ

ಪೈಪು, ಅಂದರೆ ಚುಂಗಾಣಿಗೆ ತುಂಬುವ ಹೊಗೆಸೊಪ್ಪು ಒಂದೇ ಜಾತಿಯದಾಗಿರುವುದು ಅಪರೂಪ. ನಮ್ಮ ಕಡೆ ಸಾರಿನ ಪುಡಿಗೆ ಧನಿಯ, ಮೆಣಸಿನಕಾಯಿ, ಮೆಂತ್ಯಗಳನ್ನು ಲೆಕ್ಕವಿಟ್ಟು ಬೆರೆಸುವಂತೆ ಅಲ್ಲಿಯೂ ಬೆರಕೆಯೇ ಮುಖ್ಯ. ಶಾಖದಲ್ಲಿ ಹದಮಾಡಿದ ವರ್ಜೀನಿಯ ಎಲೆ ಸಿಹಿಯನ್ನು ಕೊಡುತ್ತದೆ. ನೆರಳಿನ ಗಾಳಿಯಲ್ಲಿ ಒಣಗಿಸಿದ ಬರ್ಲಿ ಎಲೆಯಲ್ಲಿ ಸಕ್ಕರೆ ಇಲ್ಲವೆಂದೇ ಹೇಳಬಹುದು. ಅದು ಖಾರವನ್ನೂ ಗಟ್ಟಿತನವನ್ನೂ ಕೊಡುತ್ತದೆ, ಸೇರಿಸಿದ ಪರಿಮಳಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ತುರ್ಕಿ, ಗ್ರೀಸ್ ಕಡೆಯ ಸಣ್ಣೆಲೆಯ ಜಾತಿಗಳನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ, ಅವು ಸುವಾಸನೆಗೆ. ಸಿರಿಯ ಮತ್ತು ಸೈಪ್ರಸ್‌ಗಳ ಲಟಾಕಿಯ ಎಂಬುದನ್ನು ಒಣಗಿಸಿದ ಮೇಲೆ ಕಟ್ಟಿಗೆಯ ಹೊಗೆಯಲ್ಲಿ ಕಪ್ಪಾಗುವವರೆಗೆ ತೂಗುಹಾಕುತ್ತಾರೆ. ಅಮೆರಿಕದ ಲೂಸಿಯಾನದ ಪೆರೀಕ್ ಎಂಬುದನ್ನು ಪೀಪಾಯಿಯಲ್ಲಿ ಒತ್ತಡ ಹಾಕಿ ಹುಳಿಯಿಸುತ್ತಾರೆ. ಇವೆರಡೂ ಇಂಗಿನಂತೆ, ಚಿಟಿಕೆಯಷ್ಟಿದ್ದರೆ ಸೊಗಸು, ಹೆಚ್ಚಾದರೆ ಬಾಯಿಗಿಡಲಾಗದು.

ಮಿಶ್ರಣದ ರುಚಿ ಪರೀಕ್ಷೆಗೆ ಕೆಲವು ಕಟ್ಟಳೆಗಳಿವೆ. ಮಾದರಿಗಳ ಹೆಸರನ್ನು ಮರೆಮಾಡಿ ಬರಿಯ ಗುರುತಿನ ಸಂಖ್ಯೆ ಹಾಕಬೇಕು. ಹೆಸರು ತಿಳಿದವನ ನಾಲಗೆ ಹೆಸರನ್ನೇ ಹೊಗಳುತ್ತದೆ. ಪೈಪು ಒಣಗಿದ್ದು ಶುದ್ಧವಾಗಿರಬೇಕು. ಕಾಫಿ, ಖಾರದ ಊಟ ಆದ ಕೂಡಲೇ ಪರೀಕ್ಷೆ ಸಲ್ಲದು. ತೇವವನ್ನು ಚಿವುಟಿ ನೋಡುತ್ತಾರೆ: ಚಿವುಟಿ ಬಿಟ್ಟರೆ ಎಳೆಗಳು ನಿಧಾನವಾಗಿ ಬಿಚ್ಚಿಕೊಳ್ಳಬೇಕು, ಉಂಡೆಯಾಗಿಯೇ ಉಳಿದರೆ ಒದ್ದೆ, ಪುಡಿಯಾದರೆ ಅತಿ ಒಣಗು. ಹೊತ್ತಿಸಿದಾಗ, ಅರ್ಧ ಉರಿದಾಗ, ತಳಕ್ಕೆ ಬಂದಾಗ, ಹೀಗೆ ಮೂರು ಬಾರಿ ರುಚಿಯನ್ನು ಗುರುತು ಮಾಡಿಕೊಳ್ಳುತ್ತಾರೆ. ಒಂದೇ ಸಮನೆ ಉರಿಯಿತೇ, ನಾಲಗೆ ಕಚ್ಚಿತೇ, ಬೂದಿ ಯಾವ ಬಣ್ಣ ಎಂದು ನೋಡುತ್ತಾರೆ.

ಇಷ್ಟು ನಾಜೂಕಿನ ಪರೀಕ್ಷೆ ಹೊಗೆಸೊಪ್ಪನ್ನು ನಿರಪಾಯ ಮಾಡಲಾರದು. ಪೈಪಿನ ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲಿಯೇ ಇಟ್ಟುಕೊಂಡರೂ ಬಾಯಿ, ಗಂಟಲುಗಳ ಕ್ಯಾನ್ಸರಿಗೆ ಅದು ಕಾರಣವಾಗುತ್ತದೆ. ಜಗಿಯುವ ಹೊಗೆಸೊಪ್ಪಿನದೂ ಅದೇ ಕಥೆ. ಒಮ್ಮೆ ಹಿಡಿದ ಚಟವನ್ನು ಬಿಡಗೊಡದಂತೆ ಮಾಡುವುದು ನಿಕೋಟಿನ್ನೇ.

ಖಾರದ ಗುಟ್ಟು

ಇಲ್ಲಿ ಒಂದು ರಸಾಯನ ವಿಷಯವನ್ನು ರೈತರು ಅರಿಯತಕ್ಕದ್ದು. ವರ್ಜೀನಿಯ ಎಲೆಯಲ್ಲಿ ಸಕ್ಕರೆ ಇರುವುದರಿಂದ ಅದರ ಹೊಗೆ ತುಸು ಹುಳಿಗುಣದ್ದು. ಹುಳಿಗುಣದ ಹೊಗೆಯಲ್ಲಿ ನಿಕೋಟಿನ್ ಬೇರೆ ವಸ್ತುವಿಗೆ ಕಟ್ಟುಬಿದ್ದಿರುತ್ತದೆ; ಬಾಯಿಯ ಒಳಚರ್ಮ ಅದನ್ನು ಬೇಗ ಹೀರದು. ಬರ್ಲಿಯಂಥ ಗಾಳಿಯಲ್ಲಿ ಒಣಗಿದ ಎಲೆಯ ಹೊಗೆ ಕ್ಷಾರಗುಣದ್ದು. ಅದರಲ್ಲಿ ನಿಕೋಟಿನ್ ಬಿಡಿಯಾಗಿ, ಬಾಯಲ್ಲಿಯೇ ರಕ್ತಕ್ಕೆ ಸೇರುತ್ತದೆ.

ಅಂಗೈಯಲ್ಲಿ ಕಡ್ಡಿಪುಡಿ ಹಾಕಿಕೊಂಡು ಅದಕ್ಕೆ ಸುಣ್ಣ ತೀಡುವವರು ಮಾಡುವುದೂ ಇದನ್ನೇ. ಸುಣ್ಣ ಕ್ಷಾರ, ಅದು ಎಲೆಯಲ್ಲಿ ಕಟ್ಟುಬಿದ್ದ ನಿಕೋಟಿನ್ನನ್ನು ಬಿಡಿಸುತ್ತದೆ. ಬಿಡಿ ನಿಕೋಟಿನ್ ಗಾಳಿಗೆ ಆವಿಯಾಗಬಲ್ಲದು, ಚರ್ಮವನ್ನು ದಾಟಬಲ್ಲದು. ಹಸಿ ಹೊಗೆಸೊಪ್ಪನ್ನು ಇಬ್ಬನಿಯಲ್ಲಿ ಕೀಳುವ ಕೂಲಿಯವರಿಗೆ ತಲೆಸುತ್ತು, ವಾಂತಿ ಬರುವುದು ಒದ್ದೆ ಎಲೆಯಿಂದ ಚರ್ಮದ ಮೂಲಕ ಸೇರುವ ನಿಕೋಟಿನ್ನಿನಿಂದಲೇ. ಆಳೆತ್ತರದ ಮನುಷ್ಯನಿಗೇ ಹೀಗಾದರೆ, ಚಾಕಿ ತಟ್ಟೆಯಲ್ಲಿರುವ ಎಳ್ಳುಕಾಳಿನಷ್ಟು ಹುಳುವಿನ ಗತಿಯನ್ನು ಊಹಿಸಬಹುದು. ಕಡ್ಡಿಪುಡಿ ತೀಡಿದ ಬೆರಳುಗಳಿಂದಲೇ ಸೊಪ್ಪು ಕತ್ತರಿಸಿ ಹುಳುವಿಗೆ ಹಾಕಿದರೆ ಆ ಬೆರಳು ಮುಟ್ಟಿದ ಎಲೆಯೆಲ್ಲ ವಿಷದ ಎಲೆಯೇ.

ಆದುದರಿಂದ ಹುಳು ಸಾಕುವ ಮನೆಯೊಳಗೆ ಬೀಡಿ, ಸಿಗರೇಟು, ನಶ್ಯ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಯಾವುದೂ ಕೂಡದು. ಹೊರಗೆ ಸೇವಿಸಿ ಬಂದವರು ಸಾಬೂನಿನಿಂದ ಕೈತೊಳೆದು ಬಾಯಿ ಮುಕ್ಕಳಿಸಿಯೇ ಒಳಗೆ ಬರತಕ್ಕದ್ದು. ಮನೆಯ ಹಿರಿಯರಿಗೆ ಇದನ್ನು ಹೇಳುವುದು ಮುಜುಗರವೇ ಸರಿ. ಆದರೆ ಬಾಗಿಲಲ್ಲಿ ಒಂದು ಬಕೆಟ್ ನೀರು, ಸಾಬೂನು ಇಟ್ಟರೆ ಮಾತಿನ ಅಗತ್ಯವೇ ಬೀಳದು.

ತೋಟದಲ್ಲಿ ಎಚ್ಚರಿಕೆ

ಹಿಪ್ಪುನೇರಳೆ ತೋಟದ ಹತ್ತಿರ ಹೊಗೆಸೊಪ್ಪನ್ನು ಬೆಳೆಯಬಾರದು. ಹೊಗೆಸೊಪ್ಪಿನ ಗಿಡದಿಂದ ಹೊಮ್ಮುವ ನಿಕೋಟಿನ್ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಎಲೆಯ ಮೇಲೆ ನಿಲ್ಲುತ್ತದೆ. ಎರಡರ ನಡುವೆ ಕನಿಷ್ಠ 100 ಮೀಟರ್ ಅಂತರ ಇರಬೇಕು. ಗಾಳಿ ಹೊಗೆಸೊಪ್ಪಿನ ಕಡೆಯಿಂದ ಬೀಸುವಂತಿದ್ದರೆ ಇನ್ನೂ ದೂರವಿದ್ದಷ್ಟು ಒಳ್ಳೆಯದು.

ಈ ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕಿಂತ ಹೆಚ್ಚಿನ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಹೊಗೆಸೊಪ್ಪಿನ ಕಷಾಯವನ್ನು ಹೇನು, ಥ್ರಿಪ್ಸ್‌ಗಳಿಗೆ ಸಿಂಪಡಿಸುವುದು ಹಳೆಯ ಪದ್ಧತಿ. ನಿಕೋಟಿನ್ ಸಲ್ಫೇಟ್ ಎಂಬ ತಯಾರಾದ ಔಷಧಿಯ ಬಳಕೆಯನ್ನು ಭಾರತ ಸರಕಾರ 1992ರಲ್ಲಿ ನಿಷೇಧಿಸಿತು. ಆದರೆ ಮನೆಯಲ್ಲಿ ಕುದಿಸಿದ ಕಷಾಯವನ್ನು 'ಸಸ್ಯಮೂಲದ್ದು, ಏನೂ ಆಗದು' ಎಂದು ತರಕಾರಿಗೆ ಹೊಡೆಯುವವರು ಇಂದಿಗೂ ಇದ್ದಾರೆ. ಸಸ್ಯಮೂಲದ್ದೆಂಬ ಮಾತು ರೇಷ್ಮೆ ಹುಳುವಿಗೆ ತಿಳಿಯದು.

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಮುಂತಾದ ಹೊಸ ಕೀಟನಾಶಕಗಳೂ ಕೀಟದ ನರಮಂಡಲದಲ್ಲಿ ನಿಕೋಟಿನ್ ಹಿಡಿಯುವ ಸ್ಥಳವನ್ನೇ ಹಿಡಿಯುತ್ತವೆ. ಇವು ಎಲೆಯ ಮೇಲೆ ನಿಲ್ಲುವುದಲ್ಲದೆ ಗಿಡದ ರಸದೊಳಗೂ ಸೇರುತ್ತವೆ. ಎಲೆಯನ್ನು ತೊಳೆದರೂ ಹೋಗುವುದಿಲ್ಲ. ಚಿಂತಾಮಣಿಯ ಟೊಮೇಟೊ ಹೊಲದ ಬದುವಿನಲ್ಲಿಯೋ ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದ ಪಕ್ಕದಲ್ಲಿಯೋ ರೇಷ್ಮೆ ತೋಟವಿದ್ದರೆ ನೆರೆಯವರ ಸಿಂಪರಣೆಯ ದಿನವನ್ನು ಮುಂಚಿತವಾಗಿ ಕೇಳಿ ತಿಳಿಯುವುದು ಅತ್ಯವಶ್ಯಕ. ಗಾಳಿ ನಿಂತ ಬೆಳಗಿನ ಹೊತ್ತು ಸಿಂಪಡಿಸಲು ಕೋರಬೇಕು. ಬದುವಿನ ಕಡೆಯ ನಾಲ್ಕಾರು ಸಾಲುಗಳ ಸೊಪ್ಪನ್ನು ಪ್ರತ್ಯೇಕವಾಗಿಡಬೇಕು. ಔಷಧಿ ಹೊಡೆದ ಪಂಪನ್ನು ತೊಳೆಯದೆ ರೇಷ್ಮೆ ತೋಟಕ್ಕೆ ತರುವುದಂತೂ ತಾನಾಗಿ ನಷ್ಟವನ್ನು ಕರೆದಂತೆ.

ವಿಷ ತಗುಲಿದ ಲಕ್ಷಣಗಳು

ನಿಕೋಟಿನ್ ತಗುಲಿದ ಹುಳು ಮೇಯುವುದನ್ನು ಥಟ್ಟನೆ ನಿಲ್ಲಿಸುತ್ತದೆ. ತಲೆ ಮತ್ತು ಎದೆಯ ಭಾಗವನ್ನು ಮೇಲೆತ್ತಿ ಸೆಟೆದುಕೊಳ್ಳುತ್ತದೆ. ಬಾಯಿಂದ ರಸ ಕಾರುತ್ತದೆ. ಆಮೇಲೆ ಮೈ ಕುಗ್ಗಿ ಹಾಸಿಗೆಯ ಮೇಲೆ ಒರಗುತ್ತದೆ. ಜ್ವರಕ್ಕೆ ಕೂತ ಹುಳುವೂ ತಲೆ ಎತ್ತಿಯೇ ಇರುವುದರಿಂದ ಹೊಸಬರು ಮೋಸಹೋಗುತ್ತಾರೆ. ಜ್ವರದ ಹುಳು ರಸ ಕಾರುವುದಿಲ್ಲ, ಮೈ ಬಿಗಿಯಾಗಿ ಹೊಳೆಯುತ್ತಿರುತ್ತದೆ, ಇದೇ ಭೇದ. ರೋಗವಾದರೆ ದಿನದಿಂದ ದಿನಕ್ಕೆ ಹರಡುತ್ತದೆ. ವಿಷವಾದರೆ ಸೊಪ್ಪು ಕೊಟ್ಟ ಕೆಲವೇ ಗಂಟೆಗಳಲ್ಲಿ ಒಂದೇ ಸಲ ಅನೇಕ ಹುಳುಗಳಲ್ಲಿ ಕಾಣಿಸುತ್ತದೆ.

ಇದು ಕಂಡ ಕೂಡಲೇ ಬಲೆ ಹಾಕಿ ಹುಳುಗಳನ್ನು ಬೇರೆ ತಟ್ಟೆಗೆ ವರ್ಗಾಯಿಸಬೇಕು. ಹಳೆಯ ಹಾಸಿಗೆಯನ್ನು ಸೊಪ್ಪಿನ ಸಮೇತ ತೆಗೆಯಬೇಕು. ಕಿಟಕಿಗಳನ್ನು ತೆರೆದು ಗಾಳಿಯಾಡಲು ಬಿಡಬೇಕು. ಬೇರೆ ತೋಟದ ಶುದ್ಧ ಸೊಪ್ಪನ್ನು ತಂದು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ತಗುಲಿದ ವಿಷ ಅಲ್ಪವಾಗಿದ್ದರೆ ಹುಳುಗಳು ಚೇತರಿಸಿಕೊಂಡು ಮತ್ತೆ ಮೇಯುತ್ತವೆ. ಐದನೆಯ ಹಂತದಲ್ಲಿ ತಗುಲಿದರೆ ಬದುಕಿದ ಹುಳುಗಳೂ ತೆಳುಗೂಡನ್ನೇ ಕಟ್ಟುವ ಸಂಭವವುಂಟು. ಮಾರುಕಟ್ಟೆಯಲ್ಲಿ ಅದುಮಿ ನೋಡುವ ಬೆರಳು ಅದನ್ನು ಪತ್ತೆ ಹಚ್ಚದೆ ಬಿಡದು.

ಅನುಮಾನದ ಸೊಪ್ಪನ್ನು ಮನುಷ್ಯನ ಕಣ್ಣಾಗಲಿ ಮೂಗಾಗಲಿ ಗುರುತಿಸಲಾರದು. ಹೊಗೆಸೊಪ್ಪಿನ ನುರಿತ ಪರೀಕ್ಷಕನಿಂದಲೂ ಆಗದು. ಇದಕ್ಕೆ ಹುಳುವೇ ಪರೀಕ್ಷಕ. ತೋಟದ ನಾಲ್ಕಾರು ಕಡೆಯಿಂದ, ಮುಖ್ಯವಾಗಿ ಬದುವಿನ ಸಾಲಿನಿಂದ, ಸ್ವಲ್ಪ ಸೊಪ್ಪು ತಂದು ಸುಮಾರು 50 ಹುಳುಗಳನ್ನು ಬೇರೆ ತಟ್ಟೆಯಲ್ಲಿಟ್ಟು ಕೊಡಬೇಕು. ಒಂದು ಹಗಲು, ಒಂದು ರಾತ್ರಿ ಕಾದು ನೋಡಬೇಕು. ಅವು ಎಂದಿನಂತೆ ಮೇಯುತ್ತಿದ್ದರೆ ಉಳಿದ ಹುಳುಗಳಿಗೂ ಅದೇ ಸೊಪ್ಪನ್ನು ಹಾಕಬಹುದು. ತಲೆ ಎತ್ತಿ ರಸ ಕಾರಿದರೆ ಆ ಸಾಲುಗಳನ್ನು ಕತ್ತರಿಸಿ ಸೊಪ್ಪನ್ನು ಗುಂಡಿಯಲ್ಲಿ ಹೂಳಬೇಕು. ದನಕರುಗಳಿಗೂ ಅದನ್ನು ಹಾಕಬಾರದು. ಹೊಸದಾಗಿ ಚಿಗುರಿದ ಸೊಪ್ಪನ್ನೂ ಮತ್ತೆ ಇದೇ ರೀತಿ ಪರೀಕ್ಷೆ ಮಾಡಿಯೇ ಬಳಸತಕ್ಕದ್ದು.