ಬೀನ್ಸ್ ನಂತರ ಚಿಯಾ: ಅರ್ಧ ಹೇಳಿದ ಪಾಠವನ್ನು ತಿದ್ದಿಕೊಂಡದ್ದು

ತರಗತಿ: 8
ಘಟಕ: ಬೆಳೆ ಉತ್ಪಾದನೆ ಮತ್ತು ನಿರ್ವಹಣೆ
ಉಪಘಟಕ: ಬೆಳೆ ಪರಿವರ್ತನೆ ಮತ್ತು ಗೊಬ್ಬರ

ಹಿನ್ನೆಲೆ
ನನ್ನ ಬೋಧನಾಭ್ಯಾಸದ ಶಾಲೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದೆ. ಕೆಲವು ಮಕ್ಕಳ ಮನೆಗಳಲ್ಲಿ ಮುಂಗಾರಿಗೆ ಬೀನ್ಸ್, ಅದು ಮುಗಿದ ಮೇಲೆ ಚಿಯಾ ಹಾಕುತ್ತಾರೆ. ಮೊದಲ ಪಾಠದಲ್ಲಿ ಬೇರುಗಂಟಿನ ರೈಜೋಬಿಯಂ ಬಗ್ಗೆ ವಿವರಿಸಿ, "ಹೀಗಾಗಿ ಮುಂದಿನ ಬೆಳೆಗೆ ಸಾರಜನಕ ಸಿದ್ಧವಿರುತ್ತದೆ" ಎಂದು ಮುಗಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಹಂಗಾದ್ರೆ ಈ ಸಲ ಚಿಯಾಕ್ಕೆ ಯೂರಿಯಾ ಬೇಡ ಅಂತ ಅಪ್ಪಂಗೆ ಹೇಳ್ಲಾ ಮಿಸ್?"

ಹೌದು ಎನ್ನಲು ಧೈರ್ಯವಾಗಲಿಲ್ಲ. ನನ್ನ ಮಾತು ನಂಬಿ ಒಂದು ಮನೆಯವರು ಗೊಬ್ಬರ ಬಿಟ್ಟರೆ ನಷ್ಟ ಅವರದು. "ನಾಳಿದ್ದು ಹೇಳ್ತೀನಿ" ಎಂದೆ.

ತಪ್ಪಿದ್ದೆಲ್ಲಿ?
ದ್ವಿದಳ ಸಸ್ಯಗಳಲ್ಲಿ ಬೀನ್ಸ್ ಸಾರಜನಕ ಸ್ಥಿರೀಕರಣದಲ್ಲಿ ಹಿಂದೆ. ಯೂರಿಯಾ ಹೆಚ್ಚಾದರೆ ಬೇರುಗಂಟು ಇನ್ನೂ ಕಡಿಮೆಯಾಗುತ್ತದೆ. ಹಿಡಿದ ಸಾರಜನಕದಲ್ಲೂ ಬಹುಪಾಲು ಕಾಯಿಯೊಂದಿಗೆ ಮಾರುಕಟ್ಟೆಗೆ ಹೋಗುತ್ತದೆ. ಗಿಡವನ್ನೂ ಕಿತ್ತು ದನಕ್ಕೆ ಹಾಕಿದರೆ ಹೊಲಕ್ಕೆ ಉಳಿಯುವುದು ಅಲ್ಪ. ಚಿಯಾ ತುಳಸಿ ಕುಟುಂಬದ ಗಿಡ, ಅದಕ್ಕೆ ಬೇರುಗಂಟಿಲ್ಲ. ಹಾಗೆಂದು ಯೂರಿಯಾ ಸುರಿದರೆ ಗಿಡ ಎತ್ತರಕ್ಕೆ ಬೆಳೆದು ನೆಲಕ್ಕೊರಗುತ್ತದೆ.

ಎರಡನೆಯ ಪಾಠ
ಹೂ ಬಿಟ್ಟ ಬೀನ್ಸ್ ಗಿಡ ತರಲು ಹೇಳಿದ್ದೆ. ಕೆಲವರು ಎಳೆದು ಕಿತ್ತು ತಂದಿದ್ದರು. ಗಂಟುಗಳೆಲ್ಲ ಮಣ್ಣಲ್ಲೇ ಉಳಿದಿದ್ದವು. ಗುದ್ದಲಿಯಿಂದ ಅಗೆದು ತಂದವುಗಳಲ್ಲಿ ಗಂಟುಗಳಿದ್ದವು. ಉಗುರಿನಿಂದ ಸೀಳಿ ನೋಡಿದೆವು. ಒಳಗೆ ಗುಲಾಬಿ ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಆ ಬಣ್ಣ ಲೆಗ್‌ಹೀಮೋಗ್ಲೋಬಿನ್‌ನದು.

ನಂತರ ಕಪ್ಪುಹಲಗೆಯ ಮೇಲೆ ಜಮಾ-ಖರ್ಚು ಬರೆದೆವು. ಜಮಾ: ಕೊಟ್ಟಿಗೆ ಗೊಬ್ಬರ, ಬೇರುಗಂಟು, ಯೂರಿಯಾ. ಖರ್ಚು: ಕಾಯಿ, ಕಿತ್ತ ಗಿಡ, ಮಳೆಗೆ ಬಸಿದುಹೋದದ್ದು. ಯೂರಿಯಾದಲ್ಲಿ ಸಾರಜನಕ ಶೇ. 46, 45 ಕೆ.ಜಿ. ಚೀಲದಲ್ಲಿ ಎಷ್ಟು? ಮಕ್ಕಳೇ ಲೆಕ್ಕ ಹಾಕಿ 20.7 ಕೆ.ಜಿ. ಎಂದರು.

ಹುಡುಗನಿಗೆ ಉತ್ತರವೂ ಅಲ್ಲೇ ಸಿಕ್ಕಿತು: "ಬೇಡ ಅಂತಲೂ ಹೇಳಬೇಡ, ಹಾಕು ಅಂತಲೂ ಹೇಳಬೇಡ. ಮೊದಲು ಮಣ್ಣು ಪರೀಕ್ಷೆ ಮಾಡಿಸೋಣ ಅಂತ ಹೇಳು." ಹೊಲದ ಹಲವು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆ.ಜಿ. ಉಳಿಸಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಕೊಡುವ ಕ್ರಮ ತೋರಿಸಿದೆ.

ಮೌಲ್ಯಮಾಪನ
ಬಿಟ್ಟ ಸ್ಥಳ ತುಂಬುವ ಪ್ರಶ್ನೆ ತೆಗೆದು ಹೀಗೆ ಕೇಳಿದೆ: "ಬೀನ್ಸ್ ಗಿಡಗಳನ್ನು ಒಂದು ಹೊಲದಿಂದ ಕಿತ್ತೊಯ್ದರು, ಇನ್ನೊಂದರಲ್ಲಿ ಮಣ್ಣಿಗೆ ಸೇರಿಸಿ ಉತ್ತರು. ಚಿಯಾಕ್ಕೆ ಎಲ್ಲಿ ಹೆಚ್ಚು ಸಾರಜನಕ ಸಿಗಬಹುದು? ಏಕೆ?" ಹೊಲ ಕಂಡ ಮಕ್ಕಳು ಅಂಜದೆ ಬರೆದರು.

ಆತ್ಮಾವಲೋಕನ
ಪಾಠಯೋಜನೆಯಲ್ಲಿ ನಾನು ಬರೆದ ವಾಕ್ಯ ಸುಳ್ಳಾಗಿರಲಿಲ್ಲ, ಅರ್ಧವಾಗಿತ್ತು. ರೈತರ ಮಕ್ಕಳು ಕೂತ ತರಗತಿಯಲ್ಲಿ ಕೃಷಿಯ ಪಾಠ ಸಂಜೆಗೆ ಮನೆ ತಲುಪುತ್ತದೆ. ಈಗ ಪ್ರತಿ ಪಾಠಯೋಜನೆಯ ಕೊನೆಗೆ ಒಂದು ಸಾಲು ಸೇರಿಸುತ್ತೇನೆ: ಮಗು ಇದನ್ನು ಮನೆಯಲ್ಲಿ ಹೇಳಿದರೆ ಏನಾಗುತ್ತದೆ?