ಕತ್ತಲ ಹಕ್ಕಿ ನತ್ತಿಂಗ: ಮೊದಲು ಕೇಳಿ, ಆಮೇಲೆ ಕ್ಯಾಮೆರಾ ತೆಗೆಯಿರಿ

ತೊಗರಿ ರಾಶಿ ಮುಗಿದು ಹೊಲ ಬರಿದಾದ ಮೇಲೆ, ಮಾರ್ಚ್‌ನಿಂದ ಮುಂಗಾರು ಹಿಡಿಯುವವರೆಗೆ, ಸೇಡಂ, ಚಿಂಚೋಳಿ ಸೀಮೆಯಲ್ಲಿ ನತ್ತಿಂಗ ಹುಡುಕಲು ಹದವಾದ ಕಾಲ. ಪಶ್ಚಿಮಘಟ್ಟದ ಕಪ್ಪೆಬಾಯಿ ಹಕ್ಕಿಗಾಗಿ ದೂರದೂರದಿಂದ ಜನ ಬರುತ್ತಾರೆ. ಮರೆಮಾಚುವುದರಲ್ಲಿ ಅದಕ್ಕೇನೂ ಕಡಿಮೆಯಿಲ್ಲದ ನಮ್ಮ ಒಣಭೂಮಿಯ ನತ್ತಿಂಗವನ್ನು ಕೇಳುವವರೇ ಇಲ್ಲ.

ಬೂದು, ಕಂದು, ಕಪ್ಪು ಗೀರುಗಳ ಅದರ ಮೈ ತರಗೆಲೆಯೊಳಗೆ ಕರಗಿಹೋಗುತ್ತದೆ. ಕಾಲಿಗೆ ತಗಲುವಷ್ಟು ಹತ್ತಿರ ಹೋದರೂ ಅಲುಗದು. ಆದ್ದರಿಂದ ಹುಡುಕಾಟ ಕಿವಿಯಿಂದ ಶುರುವಾಗಲಿ. ಬೈಗಿಗೆ ಮುಂಚೆಯೇ ಜಾಗ ಸೇರಿ, ಮೊಬೈಲ್ ಆರಿಸಿ ಕುಳಿತುಕೊಳ್ಳಿ. ಫರ್ಸಿ ನೆಲದ ಮೇಲೆ ಬಿಟ್ಟ ಟೇಬಲ್ ಟೆನಿಸ್ ಚೆಂಡಿನಂತೆ ‘ಚಕ್, ಚಕ್, ಚಕ್‌ಚಕ್‌ರ‍್ರ್’ ಎಂದು ವೇಗ ಹೆಚ್ಚಿಸಿಕೊಳ್ಳುವ ಕೂಗು ಕೇಳಿದರೆ ಅದು ಭಾರತೀಯ ನತ್ತಿಂಗ. ಬೆಳದಿಂಗಳಲ್ಲಿ ಹಕ್ಕಿ ಹೆಚ್ಚು ಚುರುಕು.

ಚಿತ್ತಾಪುರ, ವಾಡಿ ಕಡೆಯ ಗಾಯರಾಣ, ಕುರುಚಲು ಗಿಡದ ದಿಬ್ಬ, ಹೊಲದ ಬಂಡಿದಾರಿಗಳಲ್ಲಿ ಮೊದಲು ಕಿವಿಗೊಡಿ. ಶಹಾಬಾದ್ ಸುತ್ತಿನ ಕಲ್ಲುಗಣಿಯಂಥ ಕಡಿದಾದ ಬಂಡೆಗಳು ಕೊಂಬಿನ ಗೂಗಿಗೆ ಒಗ್ಗುವ ಜಾಗ. ನೀರು ತುಂಬಿದ ಹಳೆ ಗಣಿಗಳ ಅಂಚಿಗೆ ಮಾತ್ರ ಕತ್ತಲಲ್ಲಿ ಹೋಗಲೇಬೇಡಿ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ 134.88 ಚದರ ಕಿ.ಮೀ. ಒಣಕಾಡು. ಅದರೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲಾಖೆಯ ಸಿಬ್ಬಂದಿಯನ್ನು ಮೊದಲೇ ಕಂಡು ಮಾತಾಡಿ.

ಒಬ್ಬರೇ ಹೋಗಬೇಡಿ. ಎತ್ತರದ ಬೂಟು ಇರಲಿ. ಕೊಳಕುಮಂಡಲದಂಥ ಹಾವುಗಳು ಓಡಾಡುವುದೂ ಇದೇ ಹೊತ್ತಿನಲ್ಲಿ. ಮಂದ ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ದಾರಿಯುದ್ದಕ್ಕೂ ಆಡಿಸಿ. ನೆಲದಲ್ಲಿ ಕೆಂಡದ ಬಣ್ಣದ ಕಿಡಿ ಹೊಳೆದರೆ ಅದು ನತ್ತಿಂಗದ ಕಣ್ಣು ಆಗಿರಬಹುದು. ಅಲ್ಲೇ ನಿಂತುಬಿಡಿ.

ಫ್ಲಾಶ್ ಬೇಡ, ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ಹಿಂಸೆ. ಜೊತೆಗಾರರು ಬಿಳಿ ಬಟ್ಟೆ ಸುತ್ತಿದ ಟಾರ್ಚನ್ನು ಓರೆಯಾಗಿ ಹಿಡಿಯಲಿ. ಎದುರಿನಿಂದ ಬೆಳಕು ಬಿದ್ದರೆ ಗರಿಯ ಚಿತ್ತಾರ ಚಪ್ಪಟೆಯಾಗುತ್ತದೆ. 400 ಮಿ.ಮೀ. ಲೆನ್ಸ್ ಇದ್ದರೆ ಅದನ್ನು ಟ್ರೈಪಾಡ್ ಮೇಲೋ ಕಾಳಿನ ಚೀಲದ ಮೇಲೋ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಐಎಸ್ಒ 3200, ಷಟರ್ 1/60 ಸೆಕೆಂಡಿನಿಂದ ಆರಂಭಿಸಿ. ಹಕ್ಕಿ ಮಿಸುಕದೆ ಕೂರುವುದರಿಂದ ಇಷ್ಟು ನಿಧಾನ ನಡೆಯುತ್ತದೆ. ಆಟೋಫೋಕಸ್ ಮುಂದಿನ ಹುಲ್ಲುಕಡ್ಡಿಗೆ ಅಂಟಿಕೊಳ್ಳುತ್ತದೆ. ಕೈಯಿಂದಲೇ ಕಣ್ಣಿನ ಮೇಲೆ ಫೋಕಸ್ ಮಾಡಿ. ನಾಲ್ಕಾರು ಚಿತ್ರ ಸಾಕು, ಬೆಳಕು ಆರಿಸಿ. ಮೊಬೈಲಿನಿಂದ ಕೂಗು ಹಾಕಿ ಹಕ್ಕಿಯನ್ನು ಕರೆಯುವುದಂತೂ ಬೇಡವೇ ಬೇಡ. ಎದುರಾಳಿ ಬಂದನೆಂದು ಗಂಡು ಬೇಟೆ ಬಿಟ್ಟು ಅಲೆಯುತ್ತದೆ.

ಹಗಲಲ್ಲಿ ನಡೆಯುವಾಗ ಕಾಲ ಬುಡದಿಂದ ನತ್ತಿಂಗ ಎದ್ದು ಹಾರಿದರೆ ನೆಲ ನೋಡಿ ಹೆಜ್ಜೆ ಇಡಿ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ನಮ್ಮ ಬಿಸಿಲಿನಲ್ಲಿ ಮೈ ನೆರಳು ತಪ್ಪಿದ ಮೊಟ್ಟೆ ಬೇಗ ಕೆಡುತ್ತದೆ, ಕಾಗೆಯ ಕಣ್ಣಿಗೂ ಬೀಳುತ್ತದೆ. ಫೋಟೊ ತೆಗೆಯದೆ ಬಂದ ದಾರಿಯಲ್ಲೇ ಹಿಂತಿರುಗಿ.

ಮನೆಗೆ ಬಂದ ಮೇಲೆ ದಿನಾಂಕ, ಹೊತ್ತು, ಚಂದ್ರನ ಸ್ಥಿತಿ, ಕೂಗು ಬರೆದಿಡಿ. ಇ-ಬರ್ಡ್‌ಗೆ ಪಟ್ಟಿ ಸೇರಿಸಿ. ಮೊಟ್ಟೆ ಕಂಡ ಜಾಗವನ್ನು ಮಾತ್ರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬೇಡಿ.